ಸಹಾಯ ಬೇಕು: ಸಿಎಪಿಎಂ ಲೆಕ್ಕದಲ್ಲಿ ಡಿವಿಡೆಂಡ್ ಎಲ್ಲಿ ಬರುತ್ತದೆ?

ಎಲ್ಲರಿಗೂ ನಮಸ್ಕಾರ. ಮಡಿಕೇರಿಯಲ್ಲಿ ಎಂ.ಕಾಂ ಓದುತ್ತಿದ್ದೇನೆ. ಕಾಫಿ ತೋಟ ಇರುವ ಒಂದು ಲಿಸ್ಟೆಡ್ ಕಂಪನಿಯ ಷೇರಿನ ಮೇಲೆ ಪ್ರಾಜೆಕ್ಟ್. ನಮ್ಮ ಮನೆಯಲ್ಲೂ ಈ ಷೇರು ಇದೆ, ಅಪ್ಪ ಅದನ್ನು ಇಟ್ಟುಕೊಂಡಿರುವುದೇ ಡಿವಿಡೆಂಡ್‌ಗೋಸ್ಕರ, ಹಾಗಾಗಿ ಅದನ್ನು ಸುಮ್ನೆ ಬಿಟ್ಟು ಲೆಕ್ಕ ಹಾಕಲು ಮನಸ್ಸಿಲ್ಲ.

ಸಿಎಪಿಎಂ ಅಂದರೆ ರಿಸ್ಕ್‌ಗೆ ತಕ್ಕಂತೆ ಷೇರಿನಿಂದ ಎಷ್ಟು ಆದಾಯ ನಿರೀಕ್ಷಿಸಬೇಕು ಅಂತ ಹೇಳುವ ಸೂತ್ರ. ಅದರಲ್ಲಿ ರಿಸ್ಕ್ ಇಲ್ಲದ ಬಡ್ಡಿ 7%, ಬೀಟಾ (ಮಾರ್ಕೆಟ್ ಜೊತೆ ಷೇರು ಎಷ್ಟು ಏರಿಳಿಯುತ್ತದೆ ಅನ್ನುವ ಅಳತೆ) 0.9, ಮಾರ್ಕೆಟ್ ಪ್ರೀಮಿಯಂ (ರಿಸ್ಕ್ ಇಲ್ಲದ ಬಡ್ಡಿಗಿಂತ ಮಾರ್ಕೆಟ್ ಕೊಡುವ ಹೆಚ್ಚಿನ ಆದಾಯ) 6% ಅಂತ ಇಟ್ಟರೆ 7 + 0.9 × 6 = 12.4% ಬರುತ್ತದೆ. ಡಿವಿಡೆಂಡ್ ಯೀಲ್ಡ್ (ಷೇರು ಬೆಲೆಯಲ್ಲಿ ವರ್ಷದ ಡಿವಿಡೆಂಡ್ ಎಷ್ಟು ಪಾಲು ಅನ್ನುವುದು) 2% ಅಂದುಕೊಳ್ಳಿ. ಅದನ್ನು ಮೇಲೆ ಸೇರಿಸಿ 14.4% ಅಂತ ಹೇಳು ಅಂತಾಳೆ ಗೆಳತಿ. ನನಗೆ ಅದು ಎರಡು ಸಲ ಎಣಿಸಿದ ಹಾಗೆ ಕಾಣುತ್ತದೆ. 12.4% ಅನ್ನುವುದೇ ಒಟ್ಟು ಆದಾಯ, ಅದರಲ್ಲಿ 2% ಡಿವಿಡೆಂಡ್, ಉಳಿದ 10.4% ಬೆಲೆ ಏರಿಕೆ, ಹಾಗಲ್ವಾ?

ಇನ್ನೊಂದು ಗೊಂದಲ ಡೇಟಾದ್ದು. ಷೇರಿಗೆ ಡಿವಿಡೆಂಡ್ ಹೊಂದಿಸಿದ ಬೆಲೆ ತಗೊಂಡಿದ್ದೇನೆ, ಇಲ್ಲದಿದ್ದರೆ ಎಕ್ಸ್-ಡಿವಿಡೆಂಡ್ ದಿನ (ಅಂದಿನಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗುವುದಿಲ್ಲ) ಬೆಲೆ ಇಳಿದದ್ದು ನಷ್ಟದ ಹಾಗೆ ಕಾಣುತ್ತದೆ. ಆದರೆ ನಿಫ್ಟಿ 50 ಸೂಚ್ಯಂಕದಲ್ಲಿ ಡಿವಿಡೆಂಡ್ ಇಲ್ಲ, ಅದಕ್ಕೆ ಡಿವಿಡೆಂಡ್ ಸೇರಿಸಿದ ಬೇರೆ ಟೋಟಲ್ ರಿಟರ್ನ್ ಸೂಚ್ಯಂಕ ಇದೆ. ಮ್ಯೂಚುವಲ್ ಫಂಡ್‌ಗಳು ಅದರ ಜೊತೆಗೇ ಹೋಲಿಸಿ ತೋರಿಸಬೇಕು ಅಂತ ಷೇರು ಮಾರುಕಟ್ಟೆ ನಿಯಂತ್ರಕ ಸಂಸ್ಥೆ ಸೆಬಿ 2018ರಲ್ಲೇ ಹೇಳಿದೆ. ಎರಡರಲ್ಲೂ ಬೀಟಾ ಹಾಕಿ ನೋಡಿದೆ, ಹೆಚ್ಚುಕಮ್ಮಿ ಒಂದೇ. ಮಾರ್ಕೆಟ್ ಆದಾಯ ಮಾತ್ರ ಟೋಟಲ್ ರಿಟರ್ನ್‌ನಲ್ಲಿ ವರ್ಷಕ್ಕೆ 1%ಗಿಂತ ಜಾಸ್ತಿ ಬರುತ್ತದೆ, ಪ್ರೀಮಿಯಂ ಕೂಡ ಅಷ್ಟೇ ಮೇಲೆ ಹೋಗುತ್ತದೆ.

ಗೊತ್ತಿರುವವರು ಹೇಳಿ: ಬೀಟಾ, ಪ್ರೀಮಿಯಂ ಎರಡಕ್ಕೂ ಟೋಟಲ್ ರಿಟರ್ನ್ ಸೂಚ್ಯಂಕವನ್ನೇ ಬಳಸಬೇಕಾ? ಹಾಗೆ ಬಳಸಿದರೆ ಕೊನೆಗೆ ಡಿವಿಡೆಂಡ್ ಬೇರೆಯಾಗಿ ಸೇರಿಸುವ ಅಗತ್ಯ ಇಲ್ಲ ತಾನೆ?