ಪ್ರಶ್ನೋತ್ತರ: ತಿಂಗಳ ಗುರಿ ಪ್ರತಿ ಸಲ ಯಾಕೆ ತಪ್ಪುತ್ತದೆ?

ಪ್ರಶ್ನೆ: ಕೈಯಲ್ಲಿ ಹೊಲಿದ ನೋಟ್‌ಬುಕ್ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಸ್ವಂತ ವೆಬ್‌ಸೈಟ್ ಇದೆ, ಜೊತೆಗೆ ಇನ್‌ಸ್ಟಾಗ್ರಾಂ. ಕೆಲಸಕ್ಕೆ ಹೋಗಿ ಬಂದು ಉಳಿದ ಹೊತ್ತಿನಲ್ಲಿ ಇದೆಲ್ಲ. ಪ್ರತಿ ತಿಂಗಳ 1ನೇ ತಾರೀಖು ಗುರಿ ಬರೆಯುತ್ತೇನೆ: ಮಾರಾಟ ಎರಡು ಪಟ್ಟು, ಫಾಲೋವರ್ಸ್ 1,000 ಜಾಸ್ತಿ, ಹೊಸ ಡಿಸೈನ್ 5, ದಿನಕ್ಕೊಂದು ಪೋಸ್ಟ್. ತಿಂಗಳ ಕೊನೆಗೆ ನೋಡಿದರೆ ಒಂದೂ ಆಗಿರುವುದಿಲ್ಲ. ಹೋದ ತಿಂಗಳು 6 ಆರ್ಡರ್ ಬಂದಿತ್ತು, ಈ ತಿಂಗಳು 2. ಗುರಿ ಹಾಕುವುದೇ ನನಗೆ ಬರುತ್ತಿಲ್ಲವೋ, ವ್ಯಾಪಾರವೇ ಸರಿ ಇಲ್ಲವೋ?

ಉತ್ತರ (ಸಣ್ಣ ವ್ಯಾಪಾರಗಳ ಸಲಹೆಗಾರ): ಕೊನೆಯ ಪ್ರಶ್ನೆಯಿಂದ ಶುರು ಮಾಡೋಣ. 6 ಆರ್ಡರ್ 2ಕ್ಕೆ ಇಳಿಯಿತು ಅಂತ ವ್ಯಾಪಾರ ಬಿದ್ದುಹೋಯಿತು ಅಂದುಕೊಳ್ಳಬೇಡಿ. ತಿಂಗಳಿಗೆ ಸರಾಸರಿ 4 ಆರ್ಡರ್ ಬರುವ ಕಡೆ, ಏನೂ ಬದಲಾಗದಿದ್ದರೂ ಒಮ್ಮೆ 6, ಒಮ್ಮೆ 2 ಬರುವುದು ಮಾಮೂಲು. ಇನ್ನೊಂದು ಲೆಕ್ಕ ನೋಡಿ. ಸೈಟ್‌ಗೆ ಬಂದ 100 ಜನರಲ್ಲಿ ಸರಾಸರಿ 2 ಜನ ಕೊಳ್ಳುತ್ತಾರೆ ಅನ್ನೋಣ. ತಿಂಗಳಿಗೆ 100 ಜನ ಮಾತ್ರ ಬರುತ್ತಿದ್ದರೆ ಒಂದೂ ಆರ್ಡರ್ ಬಾರದಿರುವ ಸಾಧ್ಯತೆ ಸುಮಾರು ಶೇ. 13. ಅಂದರೆ ಎಲ್ಲ ಸರಿ ಇದ್ದರೂ ಏಳೆಂಟು ತಿಂಗಳಿಗೊಮ್ಮೆ ಸೊನ್ನೆ. ಸಣ್ಣ ಅಂಕಿಗಳು ಹೀಗೇ ಕುಣಿಯುತ್ತವೆ. ಅವು ಕುಣಿದಾಗಲೆಲ್ಲ ಬೆಲೆ ಇಳಿಸುತ್ತ, ಡಿಸೈನ್ ಬದಲಿಸುತ್ತ ಹೋದರೆ ಸುಮ್ನೆ ಸುಸ್ತು.

ಇನ್ನು ನಿಮ್ಮ ಪಟ್ಟಿ. ಅದರಲ್ಲಿ ಎರಡು ಬಗೆ ಇವೆ. ಮಾರಾಟ, ಫಾಲೋವರ್ಸ್ ಬೇರೆಯವರ ತೀರ್ಮಾನ. ಡಿಸೈನ್, ಪೋಸ್ಟ್ ನಿಮ್ಮ ಕೆಲಸ. ತಿಂಗಳ ಗುರಿ ಆಗಬೇಕಾದದ್ದು ನಿಮ್ಮ ಕೆಲಸ. ಮಾರಾಟವನ್ನು ಬರೆದಿಡಿ, ಗಮನಿಸಿ, ಆದರೆ ಅದರ ಮೇಲೆ ನಿಮಗೆ ನೀವೇ ಪಾಸು ಫೇಲು ಹಾಕಿಕೊಳ್ಳಬೇಡಿ. ಫಾಲೋವರ್ಸ್ ಲೆಕ್ಕ ಪೂರ್ತಿ ಬಿಟ್ಟುಬಿಡಿ ಅನ್ನುವುದು ನನ್ನ ಅಭಿಪ್ರಾಯ.

ಆದರೆ ನಿಮ್ಮ ಕೈಯಲ್ಲಿರುವ ಎರಡು ಗುರಿಗಳೂ ತಪ್ಪಿವೆ, ಅಲ್ವಾ? ಗಂಟೆ ಎಣಿಸಿ ನೋಡಿ. ಒಂದು ಡಿಸೈನ್‌ಗೆ 5 ಗಂಟೆ ಅಂದರೆ ಐದಕ್ಕೆ 25. ಒಂದು ಪೋಸ್ಟ್‌ಗೆ ಅರ್ಧ ಗಂಟೆ ಅಂದರೆ 30 ದಿನಕ್ಕೆ 15. ಅಲ್ಲಿಗೆ 40 ಗಂಟೆ. ಪ್ಯಾಕಿಂಗ್, ಮೆಸೇಜ್‌ಗೆ ಉತ್ತರ, ನೋಟ್‌ಬುಕ್ ಹೊಲಿಯುವ ಕೆಲಸ ಇನ್ನೂ ಲೆಕ್ಕಕ್ಕೇ ಬಂದಿಲ್ಲ. ವಾರಕ್ಕೆ 6 ಗಂಟೆ ಸಿಗುವವರಿಗೆ ತಿಂಗಳಿಗೆ ಸಿಗುವುದು ಸುಮಾರು 25. ಇದು ಸೋಮಾರಿತನದ ಪ್ರಶ್ನೆಯೇ ಅಲ್ಲ, ಬರೆದ ದಿನವೇ ಆ ಪಟ್ಟಿ ಸೋತಿತ್ತು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನಮನ್ ಮತ್ತು ಅಮೋಸ್ ಟ್ವರ್ಸ್ಕಿ 1979ರಲ್ಲೇ ಇದನ್ನು ವಿವರಿಸಿದ್ದರು: ನಾವು ಅಂದಾಜು ಮಾಡುವಾಗ ಮುಂದಿನ ಯೋಜನೆಯನ್ನು ನೋಡುತ್ತೇವೆ, ಹಿಂದೆ ಇಂಥದ್ದೇ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಅಂತ ನೋಡುವುದಿಲ್ಲ. ಹಾಗಾಗಿ ಹೋದ ಮೂರು ತಿಂಗಳಲ್ಲಿ ನಿಜಕ್ಕೂ ಸಿಕ್ಕ ಗಂಟೆಗಳನ್ನು ಬರೆಯಿರಿ. ದಿನನಿತ್ಯದ ಕೆಲಸಕ್ಕೆ ಹೋದದ್ದನ್ನು ಕಳೆಯಿರಿ. ಉಳಿದದ್ದರಲ್ಲಿ ಹಿಡಿಸುವ ಒಂದೇ ಒಂದು ಗುರಿ ಹಾಕಿ.

ಯಾವುದು ಆ ಒಂದು? ಗ್ರಾಹಕರು ಬರುವ ದಾರಿಯಲ್ಲಿ ಎಲ್ಲಿ ಮಾಮೂಲಿಗಿಂತ ಜಾಸ್ತಿ ಜನ ವಾಪಸ್ ಹೋಗುತ್ತಿದ್ದಾರೋ ಅಲ್ಲಿ ಸರಿ ಮಾಡುವುದು. ಸೈಟ್‌ಗೆ ಬಂದವರು ಎಷ್ಟು, ಕಾರ್ಟ್‌ಗೆ ಹಾಕಿದವರು ಎಷ್ಟು, ಹಣ ಕಟ್ಟಿದವರು ಎಷ್ಟು ಅಂತ ನೋಡಿ ಹೇಳಿ.

ಪ್ರಶ್ನೆ ಕೇಳಿದವರು: ನೋಡಿದೆ. ಈ ತಿಂಗಳು 380 ಜನ ಬಂದಿದ್ದಾರೆ. 30 ಜನ ಕಾರ್ಟ್‌ಗೆ ಹಾಕಿದ್ದಾರೆ. ಕೊಂಡವರು 2. ಜಾಹೀರಾತು ಕೊಟ್ಟು ಜಾಸ್ತಿ ಜನರನ್ನು ಕರೆತರಬೇಕು ಅಂದುಕೊಂಡಿದ್ದೆ.

ಉತ್ತರ: ದಯವಿಟ್ಟು ಈಗ ಬೇಡ. ಸೋರುವ ಕೊಡಕ್ಕೆ ಇನ್ನಷ್ಟು ನೀರು ಸುರಿದ ಹಾಗಾಗುತ್ತದೆ. ಕಾರ್ಟ್‌ಗೆ ಹಾಕಿದವರಲ್ಲಿ ಸುಮಾರು ಶೇ. 70 ಮಂದಿ ಕೊಳ್ಳದೆ ಹೋಗುವುದು ಆನ್‌ಲೈನ್ ಅಂಗಡಿಗಳಲ್ಲಿ ಸಾಮಾನ್ಯ. ನಿಮ್ಮಲ್ಲಿ 30ರಲ್ಲಿ 28 ಜನ ಹೋಗಿದ್ದಾರೆ, ಅಂದರೆ ಶೇ. 93. ನೋಟ್‌ಬುಕ್ ಅವರಿಗೆ ಇಷ್ಟವಾಗಿದೆ. ತೊಂದರೆ ಇರುವುದು ಅದರ ನಂತರ. ಮೊಬೈಲ್‌ನಲ್ಲಿ ನೀವೇ ಒಂದು ಆರ್ಡರ್ ಮಾಡಿ ನೋಡಿ. ಸಾಗಣೆ ಖರ್ಚು ಕೊನೆಯ ಪುಟದಲ್ಲಿ ತಟ್ಟನೆ ಬರುತ್ತದಾ? ಅಕೌಂಟ್ ಮಾಡಲೇಬೇಕು ಅಂತ ಹಟ ಹಿಡಿಯುತ್ತದಾ? ಪಾರ್ಸೆಲ್ ಯಾವಾಗ ಕೈಸೇರುತ್ತದೆ ಅಂತ ಎಲ್ಲಾದರೂ ಬರೆದಿದೆಯಾ? ಜನ ಕೈಬಿಡಲು ಮುಖ್ಯ ಕಾರಣಗಳು ಇವೇ. ಅದರಲ್ಲೂ ಕೊನೆಗೆ ಸೇರಿಕೊಳ್ಳುವ ಖರ್ಚು.

ಹಾಗಾಗಿ ಮುಂದಿನ ತಿಂಗಳ ಗುರಿ ಹೀಗಿರಲಿ: "10ನೇ ತಾರೀಖಿನೊಳಗೆ ಸಾಗಣೆ ಖರ್ಚು ಪ್ರತಿ ನೋಟ್‌ಬುಕ್‌ನ ಪುಟದಲ್ಲೇ ಕಾಣಬೇಕು, ಅಕೌಂಟ್ ಇಲ್ಲದೆ ಕೊಳ್ಳುವ ದಾರಿ ತೆರೆಯಬೇಕು. ಕಾರ್ಟ್ ಬಿಟ್ಟು ಹೋದವರಲ್ಲಿ ಇಮೇಲ್ ಕೊಟ್ಟವರಿಗೆ ಒಂದು ನೆನಪಿನ ಪತ್ರ ಹೋಗಬೇಕು." ಅಷ್ಟೇ. ಮುಂದಿನ 30 ಕಾರ್ಟ್‌ಗಳಲ್ಲಿ 8, 9 ಆರ್ಡರ್ ಆದರೆ ಕೆಲಸ ಆಗಿದೆ ಅನ್ನಬಹುದು. 3 ಬಂದರೆ ಏನೂ ಹೇಳಲು ಬರುವುದಿಲ್ಲ, ಇನ್ನೂ ಕಾಯಬೇಕು.

ಇನ್ನೊಬ್ಬ ಸದಸ್ಯರು: ನಾನು ಒಪ್ಪುವುದಿಲ್ಲ. ಮಾರಾಟದ ಟಾರ್ಗೆಟ್ ಇಲ್ಲದಿದ್ದರೆ ಅದು ಹವ್ಯಾಸ, ವ್ಯಾಪಾರ ಅಲ್ಲ. ಟಾರ್ಗೆಟ್ ಇದ್ದರೆ ಮಾತ್ರ ನನಗೆ ಬಿಸಿ ಮುಟ್ಟುತ್ತದೆ.

ಉತ್ತರ: ಅರ್ಧ ಒಪ್ಪುತ್ತೇನೆ. ತಿಂಗಳಿಗೆ 200 ಆರ್ಡರ್ ಇದ್ದರೆ ಮಾರಾಟದ ಟಾರ್ಗೆಟ್‌ಗೆ ಅರ್ಥ ಇದೆ, ಅಲ್ಲಿ ಅಂಕಿ ಅಷ್ಟೊಂದು ಕುಣಿಯುವುದಿಲ್ಲ. 4 ಆರ್ಡರ್ ಇರುವವರು ಮೂರು ತಿಂಗಳಿಗೊಂದು ಮಾರಾಟದ ಅಂಕಿ ಇಟ್ಟುಕೊಳ್ಳಲಿ. ತಿಂಗಳ ಟಾರ್ಗೆಟ್‌ಗೆ ಇನ್ನೊಂದು ಕೆಟ್ಟ ಗುಣ ಇದೆ. 28ನೇ ತಾರೀಖು ಅಂಕಿ ಕಡಿಮೆ ಕಂಡರೆ ಕೈ ತಾನಾಗಿ ಡಿಸ್ಕೌಂಟ್ ಕಡೆಗೆ ಹೋಗುತ್ತದೆ. ಮುಂದಿನ ವಾರ ಪೂರ್ತಿ ಬೆಲೆಗೆ ಕೊಳ್ಳುವವರು ಈಗಲೇ ಕಡಿಮೆಗೆ ಕೊಳ್ಳುತ್ತಾರೆ. ಟಾರ್ಗೆಟ್ ಮುಟ್ಟಿತು, ಲಾಭ ಹೋಯಿತು. ಮೇಲಾಗಿ ಕೊನೆಯ ವಾರದ ಆರ್ಡರ್‌ಗಳ ರಿಟರ್ನ್ ಬರುವುದು ಮುಂದಿನ ತಿಂಗಳು. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದು ಇಲ್ಲಿಗೂ ಹೊಂದುತ್ತದೆ: ಅಂಕಿಯನ್ನು ಹಿಡಿದು ಒತ್ತಿದರೆ ಅದು ಮೊದಲಿನ ಹಾಗೆ ನಿಜ ಹೇಳುವುದಿಲ್ಲ. ಟಾರ್ಗೆಟ್ ಬೇಕೇ ಬೇಕು ಅಂದರೆ ರಿಟರ್ನ್ ಅವಧಿ ಮುಗಿದ ಆರ್ಡರ್‌ಗಳನ್ನು ಮಾತ್ರ ಎಣಿಸಿ.

ಮತ್ತೊಬ್ಬರು: ನಾನಿನ್ನೂ ಶುರುವೇ ಮಾಡಿಲ್ಲ. ಮೊದಲ ತಿಂಗಳು ವೆಬ್‌ಸೈಟ್, ಲೋಗೋ ಮುಗಿಸುವುದು ಗುರಿ ಅಂತ ಇಟ್ಟುಕೊಂಡಿದ್ದೇನೆ.

ಉತ್ತರ: ಲೋಗೋ ಕಾಯಲಿ. ಗುರಿಗಳ ಬಗ್ಗೆ ದಶಕಗಟ್ಟಲೆ ಅಧ್ಯಯನ ಮಾಡಿದ ಎಡ್ವಿನ್ ಲಾಕ್ ಮತ್ತು ಗ್ಯಾರಿ ಲೇಥಮ್ ಹೇಳುವ ಒಂದು ಮಾತು ನಿಮಗೆ ಸರಿಹೊಂದುತ್ತದೆ. ಕೆಲಸ ಹೊಸದು ಮತ್ತು ಗೋಜಲಾಗಿದ್ದರೆ, ಫಲಿತಾಂಶದ ಗುರಿಗಿಂತ ಕಲಿಯುವ ಗುರಿ ಒಳ್ಳೆಯದು. ಕೊಳ್ಳಬಹುದಾದ 10 ಜನರ ಹತ್ತಿರ ಮಾತಾಡಿ. ನೆಂಟರು, ಸ್ನೇಹಿತರು ಬೇಡ, ಅವರು ಎಲ್ಲದಕ್ಕೂ ಚೆನ್ನಾಗಿದೆ ಅಂತಾರೆ. ಈಗ ಏನು ಬಳಸುತ್ತಿದ್ದಾರೆ, ಅದರಲ್ಲಿ ಏನು ಕಿರಿಕಿರಿ ಅಂತ ಕೇಳಿ. ಮೂವರಾದರೂ ಮುಂಗಡ ಹಣ ಕೊಟ್ಟರೆ ಆಮೇಲೆ ವೆಬ್‌ಸೈಟ್ ಮಾಡಿ.

ಪ್ರಶ್ನೆ ಕೇಳಿದವರು: ಕೊನೆಯದೊಂದು. ತಿಂಗಳ ಲೆಕ್ಕ ಯಾವಾಗ ನೋಡಬೇಕು?

ಉತ್ತರ: ವಾರಕ್ಕೊಮ್ಮೆ ಹತ್ತು ನಿಮಿಷ, ಕೆಲಸ ಎಲ್ಲಿಗೆ ಬಂತು ಅಂತ ಮಾತ್ರ. ಮಾರಾಟದ ಅಂಕಿ ದಿನಾ ನೋಡಬೇಡಿ, ಮನಸ್ಸು ಕೆಡುತ್ತದೆ. ಒಂದು ತಿಂಗಳನ್ನು ಇನ್ನೊಂದರ ಜೊತೆ ಹೋಲಿಸುವಾಗ ಹುಷಾರು: ಜನವರಿಗೆ 31 ದಿನ, ಫೆಬ್ರವರಿಗೆ 28, ಅಲ್ಲೇ ಸುಮಾರು ಶೇ. 10 ದಿನ ಕಡಿಮೆ. ಕೆಲವು ತಿಂಗಳಲ್ಲಿ 5 ಭಾನುವಾರ, ಕೆಲವದರಲ್ಲಿ 4. ನಾನಾದರೆ ಕ್ಯಾಲೆಂಡರ್ ತಿಂಗಳು ಬಿಟ್ಟು ಸೋಮವಾರದಿಂದ ಶುರುವಾಗುವ ನಾಲ್ಕು ವಾರಗಳನ್ನು ಒಂದು ಸುತ್ತು ಅಂತ ಹಿಡಿಯುತ್ತೇನೆ. ಕಾರ್ಟ್ ಸರಿ ಮಾಡಿದ ಮೇಲೆ ಎರಡು ಸುತ್ತಿನ ಅಂಕಿ ಇಲ್ಲೇ ಹಾಕಿ, ಜಾಹೀರಾತಿನ ವಿಷಯ ಆಗ ನೋಡೋಣ.