ಅಡುಗೆಮನೆ ಕಿಟಕಿಯ ಸಜ್ಜಾ ಕೆಳಗೆ ಕಣಜದ ಗೂಡು: ತೆಗೆಯೋದಾ, ಬಿಡೋದಾ?

ಮಹಡಿತೋಟ_ಬನಶಂಕರಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬನಶಂಕರಿ ಎರಡನೇ ಹಂತದಲ್ಲಿ, ಮೊದಲ ಮಹಡಿ. ಅಡುಗೆಮನೆ ಕಿಟಕಿಯ ಸಜ್ಜಾ ಅಡಿಯಲ್ಲಿ ಕಣಜ ಗೂಡು ಕಟ್ಟಿದೆ. ಅಂಗೈ ಅಗಲ, ಬೂದು ಬಣ್ಣ, ಕಾಗದದ ಹಾಗಿದೆ, ಕೆಳಗಡೆ ಪೂರ್ತಿ ತೂತುಗಳು. ಹುಳ ಕೆಂಗಂದು, ಹೊಟ್ಟೆಯ ಹತ್ತಿರ ಒಂದು ಹಳದಿ ಪಟ್ಟಿ. ನಿನ್ನೆ ಕಿಟಕಿ ಬಾಗಿಲು ಹೊರಗೆ ತಳ್ಳಿದಾಗ ಅತ್ತೆಯವರ ಕೈಗೆ ಕಚ್ಚಿತು. ಊತ ಈಗ ಇಳಿದಿದೆ.

ಎಸಿ ಪೈಪ್ ಹೋಗುವ ಗೋಡೆ ತೂತಿನ ಪಕ್ಕ ಇನ್ನೊಂದು ಗೂಡಿದೆ. ಅದು ಮಣ್ಣಿನದು, ಹುಳ ಕಾಣಿಸ್ತಿಲ್ಲ. ಪಕ್ಕದ ಕಟ್ಟಡದ ವಾಚ್‌ಮನ್ ಕೋಲಿಗೆ ಬಟ್ಟೆ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ ಸುಟ್ಟುಕೊಡ್ತೀನಿ ಅಂತಿದ್ದಾರೆ. ಅತ್ತೆ ಮಾತ್ರ ಗೂಡು ಕೆಡವಬಾರದು ಅಂತಾರೆ. ಮನೇಲಿ ಚಿಕ್ಕ ಮಗು ಇದೆ. ಜಿರಳೆಗೆ ಹೊಡೆಯೋ ಸ್ಪ್ರೇ ಸಾಕಾಗುತ್ತಾ? ಚಳಿಗಾಲಕ್ಕೆ ತಾನಾಗೇ ಖಾಲಿ ಆಗುತ್ತೆ ಅಂತಲೂ ಓದಿದೆ. ಕಾಯಬಹುದಾ?

ವೈರಿಂಗ್_ಜಯನಗರ
ಮೇಡಂ, ಬೆಂಕಿ ಬೇಡವೇ ಬೇಡ. ಒಳಗೆ ಗ್ಯಾಸ್ ಇದೆ, ಹೊರಗೆ ಎಸಿ ವೈರ್ ಇದೆ. ಉರಿಯೋ ಚಿಂದಿ ಕೆಳಗಿನ ಮನೆಯವರ ಸ್ಕೂಟರ್ ಮೇಲೆ ಬಿದ್ದರೂ ಸಾಕು. ಜಿರಳೆ ಸ್ಪ್ರೇಗೂ ಬೆಂಕಿ ಹತ್ತಿಕೊಳ್ಳುತ್ತೆ, ಅದನ್ನ ಒಲೆ ಪಕ್ಕದ ಕಿಟಕಿಯಿಂದ ಹೊಡೆಯಬೇಡಿ.

ಹುಳಹುಪ್ಪಟೆ
ನೀವು ಹೇಳಿದ ಗುರುತು ನೋಡಿದರೆ ಇದು ಬಹುಮಟ್ಟಿಗೆ ರೊಪಾಲಿಡಿಯ ಮಾರ್ಜಿನೇಟಾ ಅನ್ನೋ ಕಾಗದ ಕಣಜ. ನಮ್ಮ ಊರಿನದೇ ಹುಳ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಪ್ರೊ. ರಾಘವೇಂದ್ರ ಗದಗ್‌ಕರ್ ಅವರು ದಶಕಗಳ ಕಾಲ ಅಧ್ಯಯನ ಮಾಡಿದ್ದು ಇದನ್ನೇ. ಮರದ ನಾರು ಅಗಿದು, ಎಂಜಲು ಬೆರೆಸಿ ಕಾಗದ ಮಾಡುತ್ತೆ. ಗೂಡನ್ನ ಒಂದು ಸಣ್ಣ ತೊಟ್ಟಿನಿಂದ ನೇತುಹಾಕಿ, ಇರುವೆ ಇಳಿದು ಬರದಂತೆ ಆ ತೊಟ್ಟಿಗೆ ತನ್ನ ಮೈಯಿಂದ ಬರುವ ಒಂದು ದ್ರವ ಸವರುತ್ತೆ. ಇದರ ರಾಣಿ ಯಾರ ಮೇಲೂ ಏರಿಹೋಗದ ತೀರಾ ಸಾಧು ಜೀವ. ನನಗೆ ಈ ಹುಳದ ಮೇಲೆ ತುಂಬಾ ಪ್ರೀತಿ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಚಳಿಗಾಲದ ಮಾತು ಹಿಮ ಬೀಳೋ ದೇಶಗಳಿಗೆ ಸರಿ. ಅಲ್ಲಿ ಚಳಿಗೆ ಇಡೀ ಸಂಸಾರ ಸಾಯುತ್ತೆ, ರಾಣಿಯಾಗೋ ಹೆಣ್ಣುಗಳು ಮಾತ್ರ ಉಳಿದುಕೊಳ್ಳುತ್ತವೆ. ಬೆಂಗಳೂರಿನ ಹವೆಯಲ್ಲಿ ಇವು ವರ್ಷಪೂರ್ತಿ ಗೂಡು ಕಟ್ಟುತ್ತವೆ, ವರ್ಷಪೂರ್ತಿ ಇರುತ್ತವೆ. ಕಾಯೋದರಿಂದ ಗೂಡು ದೊಡ್ಡದಾಗಬಹುದು ಅಷ್ಟೇ.

ಇವು ಸುಮ್ಮಸುಮ್ಮನೆ ಕಚ್ಚಲ್ಲ. ಗೂಡು ಅದುರಿದರೆ ಕಚ್ಚುತ್ತವೆ. ನಿಮ್ಮ ಕಿಟಕಿ ಹೊರಗೆ ತೆರೆದುಕೊಳ್ಳುತ್ತೆ, ಗೂಡು ಅದರ ತಲೆ ಮೇಲೇ ಇದೆ. ಹಾಗಾಗಿ ಇವತ್ತಿನಿಂದಲೇ ಆ ಬಾಗಿಲು ತೆರೆಯಬೇಡಿ. ಆ ಗೋಡೆಗೆ ಡ್ರಿಲ್ ಹಾಕಿಸಬೇಡಿ, ಸಜ್ಜಾಗೆ ನೀರು ಚಿಮುಕಿಸಬೇಡಿ. ಇದೇ ಗೂಡು ಟೆರೇಸ್ ಮೂಲೆಯಲ್ಲಿ ಇದ್ದಿದ್ದರೆ ಬಿಟ್ಟುಬಿಡಿ ಅಂತಿದ್ದೆ. ಟೊಮೇಟೊ, ಕೋಸಿನ ಗಿಡದ ಕಂಬಳಿಹುಳ ಹಿಡಿದು ಮರಿಗಳಿಗೆ ತಿನ್ನಿಸೋದು ಇವೇ. ಆದರೆ ದಿನವೂ ಬಳಸೋ ಕಿಟಕಿ, ಮಗು ಇರೋ ಮನೆ, ಆಗಲೇ ಒಬ್ಬರಿಗೆ ಕಚ್ಚಿದೆ. ಇದನ್ನ ತೆಗೆಸಲೇಬೇಕು. ಅತ್ತೆಯವರಿಗೆ ಮಣ್ಣಿನ ಗೂಡು ಉಳಿಸ್ತೀವಿ ಅಂತ ಹೇಳಿ, ಅದರಿಂದ ತೊಂದರೆ ಇಲ್ಲ.

ರಾಜಾಜಿನಗರ_ಗುಲಾಬಿ
ನಾವು ಕಾಂಪೌಂಡ್ ಗೇಟಿನ ಪೈಪಿನಲ್ಲಿದ್ದ ಗೂಡಿಗೆ ರಾತ್ರಿ ಸೋಪಿನ ನೀರು ಎರಚಿ ತೆಗೆದೆವು. ಖರ್ಚಿಲ್ಲದೆ ಆಯ್ತು. ಇವರೂ ಏಣಿ ಹಾಕಿ ಮಾಡಬಹುದಲ್ಲ?

ಹುಳಹುಪ್ಪಟೆ
ಸೋಪಿನ ನೀರು ಕೆಲಸ ಮಾಡುತ್ತೆ ನಿಜ, ಹುಳ ಉಸಿರಾಡೋ ರಂಧ್ರಗಳು ಮುಚ್ಚಿಹೋಗುತ್ತವೆ. ಆದರೆ ನೆಲದ ಮೇಲೆ ನಿಂತು ಮಾಡೋದು ಬೇರೆ, ಮೊದಲ ಮಹಡಿಗೆ ಏಣಿ ಹಾಕಿ ಕತ್ತಲಲ್ಲಿ ಮಾಡೋದು ಬೇರೆ. ಒಂದು ಹುಳ ಕತ್ತಿಗೆ ಕಚ್ಚಿದರೆ ಕೈ ತಾನಾಗೇ ಏಣಿ ಬಿಡುತ್ತೆ. ಪಕ್ಕದಲ್ಲಿ ಎಸಿ ವೈರ್ ಇದೆ, ಅಲ್ಲಿಗೆ ನೀರು ಹೊಡೆಯೋ ಹಾಗೂ ಇಲ್ಲ. ಇಲ್ಲಿ ಪೆಸ್ಟ್ ಕಂಟ್ರೋಲ್‌ನವರನ್ನೇ ಕರೆಸಿ.

ಮೇಡಂ, ಅವರು ಹಗಲಲ್ಲಿ ಬರ್ತೀವಿ ಅಂದರೆ ಒಪ್ಪಬೇಡಿ. ಹಗಲಲ್ಲಿ ಅರ್ಧ ಹುಳ ಹೊರಗೆ ಇರುತ್ತವೆ. ಕತ್ತಲಾದ ಮೇಲೆ ಎಲ್ಲ ಗೂಡಿನ ಮೇಲಿರುತ್ತವೆ, ಹಾರೋದು ಕಡಿಮೆ. ಟಾರ್ಚಿಗೆ ಕೆಂಪು ಪಾರದರ್ಶಕ ಕಾಗದ ಸುತ್ತಲಿ, ಕೆಂಪು ಬೆಳಕು ಅವಕ್ಕೆ ಸರಿಯಾಗಿ ಕಾಣಲ್ಲ. ಅಡುಗೆಮನೆ ಲೈಟ್ ಆರಿಸಿ. ಪಾತ್ರೆ, ಕುಡಿಯೋ ನೀರು ಮುಚ್ಚಿಡಿ. ಅಕ್ವೇರಿಯಂ ಇದ್ದರೆ ದೂರ ಇಡಿ, ಈ ಔಷಧಿಗಳಲ್ಲಿ ಹೆಚ್ಚಿನವು ಮೀನಿಗೆ ವಿಷ. ಕಿಟಕಿ ಕೆಳಗಿನ ಕರಿಬೇವು, ತುಳಸಿ ಕುಂಡಗಳನ್ನ ಮೊದಲೇ ಬೇರೆ ಕಡೆ ಎತ್ತಿಡಿ. ಗೂಡು ಬಿದ್ದ ಮೇಲೆ ಮೇಲಿನ ತೊಟ್ಟನ್ನೂ ಕೆರೆದು ತೆಗೆಯಲಿ. ಹೊರಗೆ ಉಳಿದಿದ್ದ ಹುಳಗಳು ಮಾರನೇ ದಿನ ಅದೇ ಜಾಗಕ್ಕೆ ಬಂದು ಸುತ್ತುತ್ತವೆ, ಅವು ಹೋಗೋವರೆಗೂ ಕಿಟಕಿ ಮುಚ್ಚೇ ಇರಲಿ.

ನರ್ಸ್_ಅಕ್ಕ
ಕಚ್ಚಿದ್ದಕ್ಕೆ ಸುಣ್ಣ ಹಚ್ಚಬೇಡಿ, ಚರ್ಮ ಸುಡುತ್ತೆ. ಸೋಪಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಉಂಗುರ, ಬಳೆ ಮೊದಲೇ ಬಿಚ್ಚಿ. ಜೇನ್ನೊಣವಾದರೆ ಮುಳ್ಳು ಚರ್ಮದಲ್ಲೇ ಉಳಿಯುತ್ತೆ, ತಕ್ಷಣ ಕೆರೆದು ತೆಗೆಯಬೇಕು. ಕಣಜದ್ದು ಉಳಿಯಲ್ಲ, ಅದಕ್ಕೇ ಒಂದೇ ಹುಳ ಮತ್ತೆ ಮತ್ತೆ ಚುಚ್ಚಬಲ್ಲದು.

ತುಟಿ, ನಾಲಿಗೆ, ಮುಖ ಊದಿದರೆ, ಉಸಿರು ಕಟ್ಟಿದರೆ, ಮೈಯೆಲ್ಲ ದದ್ದು ಎದ್ದರೆ, ತಲೆಸುತ್ತಿ ಬಿದ್ದರೆ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ. ಆಗ ಬೇಕಾಗೋದು ಅಡ್ರಿನಲಿನ್ ಇಂಜೆಕ್ಷನ್, ಅಲರ್ಜಿ ಮಾತ್ರೆ ಸಾಲಲ್ಲ. ಬಾಯಿ, ಗಂಟಲಿಗೆ ಕಚ್ಚಿದರೂ ಆಸ್ಪತ್ರೆಗೆ ಹೋಗಿ. ತುಂಬಾ ಹುಳ ಕಚ್ಚಿದ್ದರೆ ರೋಗಿ ಚೆನ್ನಾಗೇ ಕಂಡರೂ ಆಸ್ಪತ್ರೆಗೆ ತೋರಿಸಿ, ವಿಷ ಮೂತ್ರಪಿಂಡಕ್ಕೆ ಹೊಡೆತ ಕೊಡಬಹುದು. ಅತ್ತೆಯವರಿಗೆ ಈ ಸಲ ಬರೀ ಕೈ ಊದಿತು ಅಂದಮಾತ್ರಕ್ಕೆ ಮುಂದಿನ ಸಲವೂ ಹಾಗೇ ಅಂತ ಇಲ್ಲ. ಗೂಡು ತೆಗೆಯುವಾಗ ಅವರು, ಮಗು ಇಬ್ಬರೂ ಇನ್ನೊಂದು ಕೋಣೆಯಲ್ಲಿರಲಿ.

ಬಾಲ್ಕನಿ_ವೈಟ್‌ಫೀಲ್ಡ್
ನಮ್ಮ ಅಪಾರ್ಟ್‌ಮೆಂಟ್ ಒಂಬತ್ತನೇ ಮಹಡಿಯಲ್ಲಿ ದೊಡ್ಡ ತೊಟ್ಟಿಲಿನಂಥ ಗೂಡು ನೇತಾಡ್ತಿದೆ. ಇದಕ್ಕೂ ಇದೇ ಕ್ರಮಾನಾ?

ಹುಳಹುಪ್ಪಟೆ
ಅಲ್ಲ ಸರ್, ಅದು ಹೆಜ್ಜೇನು. ಹೊಗೆ ಹಾಕಿಸಬೇಡಿ, ಔಷಧಿ ಹೊಡೆಸಬೇಡಿ, ಕೆರಳಿದರೆ ಕೆಳಗೆ ಓಡಾಡೋ ಎಲ್ಲರಿಗೂ ಅಪಾಯ. ಅವು ಕಾಲಕ್ಕೆ ತಕ್ಕಂತೆ ವಲಸೆ ಹೋಗುತ್ತವೆ. ಆ ಕಡೆಯ ಬಾಲ್ಕನಿ ಮುಚ್ಚಿ, ರಾತ್ರಿ ಲೈಟ್ ಆರಿಸಿ. ಕಾಯೋಕೆ ಆಗಲ್ಲ ಅಂದರೆ ಜೇನು ಕೊಲ್ಲದೆ ಎಬ್ಬಿಸೋ ಅನುಭವಸ್ಥರನ್ನ ಕೇಳಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಜೇನು ಕೃಷಿ ವಿಭಾಗ ಇದೆ, ಅಲ್ಲಿ ವಿಚಾರಿಸಿ.

ಮಹಡಿತೋಟ_ಬನಶಂಕರಿ
ಎಲ್ಲರಿಗೂ ಧನ್ಯವಾದ. ಪೆಸ್ಟ್ ಕಂಟ್ರೋಲ್‌ನವರು ಮೊದಲು ಮಧ್ಯಾಹ್ನ ಬರ್ತೀವಿ ಅಂದರು. ಪಟ್ಟು ಹಿಡಿದ ಮೇಲೆ ಕತ್ತಲಾಗಿ ಬಂದು ತೆಗೆದರು, ತೊಟ್ಟನ್ನೂ ಕೆರೆಸಿದೆ. ಮರುದಿನ ಕೆಲವು ಹುಳ ಬಂದು ಸುತ್ತಿ ಹೋದವು, ಈಗ ಯಾವುದೂ ಇಲ್ಲ. ಯಾರಿಗೂ ಕಚ್ಚಲಿಲ್ಲ. ಮಣ್ಣಿನ ಗೂಡು ಹಾಗೇ ಇದೆ, ಮೇಲೆ ದುಂಡಗೆ ತೂತು ಕಾಣ್ತಿದೆ.

ಹುಳಹುಪ್ಪಟೆ
ತೂತು ಇದೆ ಅಂದರೆ ಮರಿ ಬಲಿತು ಹಾರಿಹೋಗಿದೆ. ಮಣ್ಣಿನ ಗೂಡು ಕಟ್ಟೋ ಕಣಜ ಒಂಟಿ ಜೀವಿ. ಜೇಡವನ್ನೋ ಕಂಬಳಿಹುಳವನ್ನೋ ಚುಚ್ಚಿ ಮರಗಟ್ಟಿಸಿ ಗೂಡಲ್ಲಿ ತುಂಬಿ, ಮೊಟ್ಟೆ ಇಟ್ಟು, ಬಾಯಿ ಮುಚ್ಚಿ ಹೋಗುತ್ತೆ. ಗೂಡು ಕಾಯೋಕೆ ಕೂರಲ್ಲ, ಹಿಡಿದು ಒತ್ತಿದರೆ ಹೊರತು ಮನುಷ್ಯರಿಗೆ ಚುಚ್ಚೋದೂ ಅಪರೂಪ. ಎಲ್ಲ ಕೋಣೆಗಳಲ್ಲೂ ತೂತು ಬಿದ್ದ ಮೇಲೆ ನೀರಲ್ಲಿ ನೆನೆಸಿ ಪುಟ್ಟಿ ಬ್ಲೇಡಿನಿಂದ ಕೆರೆದರೆ ಬರುತ್ತೆ, ಎಸಿ ಮೇನ್ ಆಫ್ ಮಾಡಿಕೊಂಡು ಮಾಡಿ. ಆಮೇಲೆ ಗೋಡೆ ತೂತಿನ ಸುತ್ತ ಪುಟ್ಟಿ ಮೆತ್ತಿ, ಬಾತ್‌ರೂಮ್ ವೆಂಟಿಲೇಟರ್‌ಗೆ ಸೊಳ್ಳೆ ಪರದೆ ಬಡಿಸಿ. ಹುಳ ಓಡಾಡ್ತಿರೋ ತೂತನ್ನ ಮಾತ್ರ ಯಾವತ್ತೂ ಮುಚ್ಚಬೇಡಿ, ದಾರಿ ಹುಡುಕಿಕೊಂಡು ಮನೆಯೊಳಗೇ ಬರಬಹುದು.

ವೈರಿಂಗ್_ಜಯನಗರ
ಎಸಿ ನೀರು ಹೋಗೋ ಸಣ್ಣ ಪೈಪಿನ ಬಾಯಿಗೆ ಪುಟ್ಟಿ ಹಾಕಬೇಡಿ ಮೇಡಂ, ನೀರು ಮನೆಯೊಳಗೆ ಸುರಿಯುತ್ತೆ. ಅಲ್ಲಿಗೆ ಒಂದು ತುಂಡು ಬಲೆ ಸುತ್ತಿ ಕಟ್ಟಿದರೆ ಸಾಕು.