ಪುಟ್ಟಿ ಹಾಕಿದ ಅಮೆರಿಕದ ಕಾಗದದ ಬಗ್ಗೆ

ಪುಟ್ಟಿ, ನೀನು ಕಾಲೇಜಿನ ಕೆಲಸಕ್ಕೆ ಅಂತ ಬೆಳಿಗ್ಗೆ ಗ್ರೂಪಿಗೆ ಹಾಕಿದ ಕಾಗದ ಪೂರ್ತಿ ಓದಿದೆ. ಊಟ ಆಯ್ತು, ಕರೆಂಟೂ ಇಲ್ಲ. ಸ್ವಲ್ಪ ಉದ್ದವಾಗೇ ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

1863ರಲ್ಲಿ, ಅಮೆರಿಕದಲ್ಲಿ ಉತ್ತರದವರಿಗೂ ದಕ್ಷಿಣದವರಿಗೂ ಅಂತರ್ಯುದ್ಧ ನಡೆಯುತ್ತಿದ್ದಾಗ, ವರ್ಜೀನಿಯಾದ ಹೆಂಗಸು ಬಾಲ್ಟಿಮೋರಿನ ತಂಗಿಗೆ ಬರೆದದ್ದು. ಭಾವ ಕೇಳಿದ್ದಾರೆ, ದೇಶವೇ ಎರಡಾಗಿ ಹೊಡೆದಾಡುವಾಗ ಈಯಮ್ಮ ಉಪ್ಪು, ಕಾಫಿ, ಮಗುವಿನ ಕೆಮ್ಮು ಅಂತಾಳಲ್ಲ, ಯುದ್ಧದ ಸುದ್ದಿ ಒಂದೂ ಇಲ್ವಲ್ಲ ಅಂತ. ಚಿಂತಾಮಣಿ ಪೋಸ್ಟಾಫೀಸಿನಲ್ಲಿ ಸರ್ವಿಸ್ ಮುಗಿಸಿದವಳು ನಾನು. ನನಗೆ ಮೊದಲು ಬಂದ ಯೋಚನೆಯೇ ಬೇರೆ. ಇದು ಆ ಕಡೆ ತಲುಪಿದ್ದಾದರೂ ಹೇಗೆ?

ಭಾವ, ಆಕೆ ಯುದ್ಧದ ಸುದ್ದಿ ಬರೆಯುವ ಹಾಗೇ ಇರಲಿಲ್ಲ. 1861ರ ಜೂನ್‌ನಿಂದ ಉತ್ತರಕ್ಕೂ ದಕ್ಷಿಣಕ್ಕೂ ಮಾಮೂಲಿ ಟಪಾಲು ನಿಂತುಹೋಗಿತ್ತು. ವರ್ಜೀನಿಯಾ ದಕ್ಷಿಣದವರ ಕಡೆ, ಬಾಲ್ಟಿಮೋರ್ ಉತ್ತರದ ಸರ್ಕಾರದ ಕೈಯಲ್ಲಿ. ಉಳಿದಿದ್ದ ಕಾನೂನಿನ ದಾರಿ ಒಂದೇ. ಕದನವಿರಾಮದ ಬಿಳಿ ಬಾವುಟ ಹಿಡಿದ ದೋಣಿಯಲ್ಲಿ ಎರಡೂ ಕಡೆಯವರು ಟಪಾಲು ಚೀಲ ಬದಲಾಯಿಸಿಕೊಳ್ಳುವುದು. ಅದಕ್ಕೂ ನಿಯಮ ಇತ್ತು: ಒಂದೇ ಪುಟ, ಕೆಳಗೆ ಸಹಿ, ಅಂಟಿಸದ ಕವರು, ಮನೆ ವಿಷಯ ಬಿಟ್ಟು ಬೇರೇನೂ ಕೂಡದು. ಉತ್ತರದವರ ಕೈಯಲ್ಲಿದ್ದ ಫೋರ್ಟ್ ಮನ್ರೋ ಕೋಟೆಯಲ್ಲಿ ಮಿಲಿಟರಿಯವರು ಓದಿದ ಮೇಲೇ ಮುಂದಕ್ಕೆ. ಅದಕ್ಕೇ ನೋಡಿ, ಜಾಗ ಸಾಲದೆ ಅಂಚಿನಲ್ಲೆಲ್ಲ ಅಡ್ಡಡ್ಡ ಬರೆದಿದ್ದಾಳೆ. ನಮ್ಮಮ್ಮ ಇನ್‌ಲ್ಯಾಂಡ್ ಲೆಟರಿನ ಮಡಿಕೆಯಲ್ಲೂ ಎರಡು ಸಾಲು ತುರುಕುತ್ತಿದ್ದರಲ್ಲ, ಥೇಟ್ ಹಾಗೆ.

ಇನ್ನು ಉಪ್ಪು. ಅದನ್ನು ಸುಮ್ನೆ ಅಡುಗೆಮನೆ ಮಾತು ಅಂದುಕೊಳ್ಳಬೇಡಿ. ಉತ್ತರದ ಲಿಂಕನ್ ಸರ್ಕಾರ, ಹೊರಗಿನ ಸರಕು ಬರದ ಹಾಗೆ ದಕ್ಷಿಣದ ಬಂದರುಗಳಿಗೆಲ್ಲ ಹಡಗು ಅಡ್ಡ ನಿಲ್ಲಿಸಿತ್ತು. ಅಲ್ಲಿಯವರಿಗೆ ವರ್ಷಪೂರ್ತಿ ಹಂದಿ ಮಾಂಸ ಕೆಡದೆ ಇರಬೇಕಾದರೆ ಉಪ್ಪೇ ಬೇಕು. ಸಿಗದೇ ಹೋದಾಗ ಏನು ಮಾಡಿದರು ಗೊತ್ತಾ? ಮಾಂಸಕ್ಕೆ ಹೊಗೆ ಹಾಕುವ ಕೋಣೆಯ ನೆಲ ಅಗೆದರು. ಹಳೇ ಮಾಂಸದಿಂದ ತೊಟ್ಟಿಕ್ಕಿದ ಉಪ್ಪುನೀರು ಕುಡಿದ ಮಣ್ಣು ಅದು. ನೀರಲ್ಲಿ ಕದಡಿ, ಸೋಸಿ, ಕುದಿಸಿ, ಬತ್ತಿಸಿ ಉಪ್ಪು ತೆಗೆದರು. ಕಾಫಿ ಬೀಜದ ಬದಲು ಹುರಿದ ಬೆಂಡೆ ಬೀಜ, ಗೆಣಸು. (ನಮ್ಮ ದೊಡ್ಡಪ್ಪ ಅಂಥ ಕಾಫಿ ಕುಡಿದಿದ್ದರೆ ಒಂದೇ ದಿನಕ್ಕೆ ಸಂಧಾನಕ್ಕೆ ಹೊರಡುತ್ತಿದ್ದರು.) ಅದೇ 1863ರ ಏಪ್ರಿಲ್ 2ರಂದು ದಕ್ಷಿಣದವರ ರಾಜಧಾನಿ ರಿಚ್ಮಂಡಿನಲ್ಲಿ ಹೆಂಗಸರು ಹಸಿವು ತಾಳದೆ ಅಂಗಡಿಗಳಿಗೆ ನುಗ್ಗಿದರು. ಗುಂಡು ಹಾರಿಸುತ್ತೇವೆ ಅಂತ ಅವರದೇ ಸರ್ಕಾರ ಹೆದರಿಸಿತು. ಈಗ ಹೇಳಿ ಭಾವ, ಉಪ್ಪಿನ ಸುದ್ದಿ ಯುದ್ಧದ ಸುದ್ದಿ ಅಲ್ವಾ?

ಹಾಗಂತ ಪೂರ್ತಿ ಮರುಕ ಪಡಲು ನನಗೆ ಮನಸ್ಸಿಲ್ಲ. ‘ಮನೆ ಆಳುಗಳೆಲ್ಲ ಸುಖವಾಗಿದ್ದಾರೆ’ ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದಾಳೆ. ಸಂಬಳದ ಆಳುಗಳಲ್ಲ ಅವರು, ಗುಲಾಮರು. 1860ರ ಜನಗಣತಿಯಲ್ಲಿ ದೇಶದಲ್ಲಿ ಅಂಥವರು ಹತ್ತಿರಹತ್ತಿರ 40 ಲಕ್ಷ. ಯುದ್ಧ ಹತ್ತಿದ್ದೇ ಆ ಪದ್ಧತಿ ಉಳಿಸಿಕೊಳ್ಳುವ ಹಟದಿಂದ. ಅಂಥ ಮನೆಯಲ್ಲಿ ಮಣ್ಣು ಅಗೆಯೋರು ಯಾರು, ಬರೆಯೋರು ಯಾರು? ಗುಲಾಮರಿಗೆ ಅಕ್ಷರ ಕಲಿಸುವುದೇ ಎಷ್ಟೋ ದಕ್ಷಿಣದ ರಾಜ್ಯಗಳಲ್ಲಿ ಅಪರಾಧವಾಗಿತ್ತು. ಅವರ ಸುಖದುಃಖ ಈಯಮ್ಮನ ಕೈಬರಹದಲ್ಲಿ ಸಿಗೋದಿಲ್ಲ. ಪುಟ್ಟಿ, ಇದನ್ನು ಮಾತ್ರ ನಿನ್ನ ಬರಹದಲ್ಲಿ ಬಿಡಬೇಡ. ಮೇಡಂ ಮಾರ್ಕ್ಸ್ ಕೊಡಲಿ ಬಿಡಲಿ.

ಆಮೇಲೆ, ಕವರಿನ ಫೋಟೋ ಇದ್ದರೆ ಎರಡೂ ಮಗ್ಗುಲು ಹಾಕು. ಆಗ ಕಾಗದಕ್ಕೇ ಬರ, ಬಂದ ಕವರನ್ನೇ ಒಳಮಗ್ಗುಲು ತಿರುಗಿಸಿ ಮತ್ತೆ ಬಳಸುತ್ತಿದ್ದರು. ಸ್ಟಾಂಪೂ ನೋಡು. ಎರಡೂ ಸರ್ಕಾರಕ್ಕೆ ದುಡ್ಡು ಕಟ್ಟಬೇಕಿತ್ತು. ಅದೃಷ್ಟ ಇದ್ದರೆ ದಕ್ಷಿಣದವರ ಅಧ್ಯಕ್ಷ ಡೇವಿಸ್ ಚಿತ್ರ ಇರುವ ನೀಲಿ 10 ಸೆಂಟಿನದೂ, ವಾಷಿಂಗ್ಟನ್ ಇರುವ ಗುಲಾಬಿ ಬಣ್ಣದ 3 ಸೆಂಟಿನದೂ ಒಂದೇ ಕವರಿನ ಮೇಲೆ ಸಿಗುತ್ತವೆ. ಸೀಲಿನ ಊರು ಓದಲು ಆಗದಿದ್ದರೆ ದೊಡ್ಡದು ಮಾಡಿ ನನಗೆ ಕಳಿಸು, ನಾನು ನೋಡುತ್ತೇನೆ.